ಲುಮುಲಿಯಲ್ಲಿ ಯಾರೂ ಇಲ್ಲ

ಸರೋವರದಂಚಿನ ಬುಸಿಗ ದಡಕ್ಕೆ ಬೆಳಗಾಗುವುದು ವಾಸನೆಯಿಂದ. ಮೊದಲು ಒಣಹಾಕಿದ ಮುಕೆನೆ ಮೀನಿನದು, ಆಮೇಲೆ ಶುಂಠಿ ಚಹಾದ್ದು. ಬಿಸಿಲು ಬರುವುದು ಎಲ್ಲಕ್ಕಿಂತ ಕೊನೆಗೆ. ಹಳೆಯ ಮೀನು ಉಗ್ರಾಣದ ಜಗಲಿಯಲ್ಲಿ ಲೊವಿಸಾ ನಂಗೋಬಿ ಆ ಬಿಸಿಲಿಗಾಗಿಯೇ ಕಾದು ಕೂತಿದ್ದಾರೆ. ಮೈಕ್ರೋಸ್ಕೋಪಿನ ಬುಡದಲ್ಲಿರುವ ಪುಟ್ಟ ಕನ್ನಡಿಗೆ ಬೆಳಕು ಬಿದ್ದರೆ ಕೆಲಸ ಶುರು. ಬಲ್ಬು ಇರುವ ಹೊಸ ಮೈಕ್ರೋಸ್ಕೋಪನ್ನು ಸರ್ಕಾರ ನಾಲ್ಕು ವರ್ಷದ ಹಿಂದೆಯೇ ಕೊಟ್ಟಿದೆ. ಕರೆಂಟು ಕೊಡುವುದನ್ನು ಮರೆತಿದೆ.

ಮೇಜಿನ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಬಲೆಯ ಗೂಡು. ಅದರೊಳಗೆ ನಿನ್ನೆ ಸಂಜೆ ಲುಮುಲಿ ದ್ವೀಪದಿಂದ ತಂದ ಹದಿನಾರು ತ್ಸೆತ್ಸೆ ನೊಣಗಳಿವೆ. ರೆಕ್ಕೆಗಳನ್ನು ಕತ್ತರಿಯ ಹಾಗೆ ಒಂದರ ಮೇಲೊಂದು ಮಡಚಿಕೊಂಡು ಸುಮ್ಮನೆ ಕೂತಿವೆ. ಇವು ಉಳಿದ ನೊಣಗಳಂತೆ ಗುಂಯ್‌ಗುಡುವುದಿಲ್ಲ. ಮೈಮೇಲೆ ಕೂತದ್ದೂ ತಿಳಿಯುವುದಿಲ್ಲ, ಚುಚ್ಚಿದ ಮೇಲಷ್ಟೇ ತಿಳಿಯುತ್ತದೆ. ಲೊವಿಸಾ ಒಂದನ್ನು ಹಿಡಿದು ರೆಕ್ಕೆ, ಕಾಲು ತೆಗೆದು, ಗಾಜಿನ ಪಟ್ಟಿಯ ಮೇಲಿನ ಉಪ್ಪುನೀರಿನ ಹನಿಯಲ್ಲಿ ಮಲಗಿಸುತ್ತಾರೆ. ನೊಣ ಇನ್ನೂ ಬದುಕಿದೆ.

"ಸತ್ತ ನೊಣ ಸುಳ್ಳು ಹೇಳುತ್ತೆ" ಎನ್ನುತ್ತಾರೆ, ನನ್ನ ಮುಖ ನೋಡಿ. "ಅದು ಸತ್ತ ಸ್ವಲ್ಪ ಹೊತ್ತಿಗೆ ಒಳಗಿರೋ ರೋಗದ ಹುಳಾನೂ ಅಲ್ಲಾಡೋದು ನಿಲ್ಲಿಸುತ್ತೆ. ಆಮೇಲೆ ಏನು ಹುಡುಕ್ತೀಯಾ? ಬದುಕಿರೋದೇ ಬೇಕು. ಮುಖ ಹಿಂಡ್ಬೇಡ, ನಿನ್ನನ್ನೇನೂ ಕುಯ್ತಾ ಇಲ್ಲ."

ಜಗಲಿಯ ಕೆಳಗೆ, ಬೋರಲು ಹಾಕಿದ ದೋಣಿಯೊಂದರ ಮೇಲೆ ಅಂಬಿಗ ಮಗುಂಬ ಕೂತಿದ್ದಾನೆ. ಹನ್ನೆರಡು ವರ್ಷದಿಂದ ಲೊವಿಸಾರನ್ನು ದ್ವೀಪಕ್ಕೆ ಕರೆದುಕೊಂಡು ಹೋಗಿ ಬರುವವನು ಇವನು. ಉಳಿದ ದೋಣಿಗಳೆಲ್ಲ ಮೀನಿಗೆ ಹೊರಟು ಅರ್ಧ ಗಂಟೆಯಾಯಿತು. ಇವನ ಬಲೆಯೂ ಪಕ್ಕದ ದೋಣಿಗೆ ಏರಿದೆ. ಆದರೆ ಲೊವಿಸಾ ತಲೆ ಎತ್ತಿ ಒಂದು ಮಾತು ಹೇಳುವವರೆಗೆ ಅವನು ನೀರಿಗೆ ಇಳಿಯುವುದಿಲ್ಲ. ಒಂದು ವರ್ಷದಿಂದ ಹೀಗೇ ನಡೆದಿದೆ. ಯಾಕೆ ಎಂದು ಹೇಳಲಿಕ್ಕೇ ಈ ಲೇಖನ.

ಲೊವಿಸಾರಿಗೆ ಐವತ್ತೆಂಟು ವರ್ಷ. ಮೂವತ್ತೊಂದು ವರ್ಷದಿಂದ ನೊಣ ಸೀಳುತ್ತಿದ್ದಾರೆ. ದಿನಕ್ಕೆ ನಲವತ್ತರಿಂದ ಅರವತ್ತು, ಒಟ್ಟು ಮೂರು ಲಕ್ಷ ದಾಟಿದೆ. ಅವರ ಹುದ್ದೆಯ ಹೆಸರು ಕಾಗದದಲ್ಲಿ ಒಂದೂವರೆ ಸಾಲು ಉದ್ದವಿದೆ. ಜಿಲ್ಲಾ ಕಚೇರಿಯಲ್ಲಿ ಅಷ್ಟು ಉಸಿರು ಯಾರಿಗೂ ಇಲ್ಲ, 'ನೊಣದ ಹೆಂಗಸು' ಎಂದರೆ ಸಾಕು. ದಡದವರಿಗೆ ಮಾತ್ರ ಅವರು 'ಮುಸಾವೊ'. ವೈದ್ಯರನ್ನು ಕರೆಯುವ ಮಾತು ಅದು. "ಒಂದು ಸೂಜಿ ಚುಚ್ಚಿಲ್ಲ, ಒಂದು ಮಾತ್ರೆ ಕೊಟ್ಟಿಲ್ಲ. ಆದ್ರೂ ಕರೀತಾರೆ, ನಾನೂ ಓ ಅಂತೀನಿ" ಎಂದು ನಗುತ್ತಾರೆ.

ಒಂದು ನೊಣಕ್ಕೆ ಏಳೆಂಟು ನಿಮಿಷ ಬೇಕು. ಮೊದಲು ಚುಚ್ಚುವ ಬಾಯಿ, ಆಮೇಲೆ ಕರುಳು, ಕೊನೆಗೆ ಜೊಲ್ಲಿನ ಗ್ರಂಥಿ. ಈ ಕೊನೆಯದೇ ಕಷ್ಟ. ತಲೆಯನ್ನು ಎದೆಯಿಂದ ಮೆಲ್ಲಗೆ, ಮೆಲ್ಲಗೆ ಎಳೆಯಬೇಕು. ಸರಿಯಾಗಿ ಎಳೆದರೆ ನೀರಿನಷ್ಟೇ ತೆಳುವಾದ ಎರಡು ಎಳೆಗಳು ಹಿಂದೆಯೇ ಬರುತ್ತವೆ. ನಾನು ಮೂರು ಸಲ ಪ್ರಯತ್ನಪಟ್ಟೆ, ಮೂರು ಸಲವೂ ಬರೀ ತಲೆ ಬಂತು. "ಬರೆಯೋ ಕೈ ಬೇರೆ, ಎಳೆಯೋ ಕೈ ಬೇರೆ ಬಿಡು" ಎಂದು ಲೊವಿಸಾ ಚಿಮಟ ಕಿತ್ತುಕೊಂಡರು.

"ಹುಳ ಬಾಯಲ್ಲಿ ಮಾತ್ರ ಇದ್ರೆ ಅದು ದನದ ರೋಗದ್ದು. ಬಾಯಲ್ಲೂ ಕರುಳಲ್ಲೂ ಇದ್ರೂ ಸಾಮಾನ್ಯವಾಗಿ ದನದ್ದೇ. ಜೊಲ್ಲಿನ ಎಳೇಲೂ ಸಿಕ್ತು ಅನ್ನು, ಆಗ ಕೂತಿರೋ ಹಾಗಿಲ್ಲ. ಮನುಷ್ಯರಿಗೆ ನಿದ್ದೆರೋಗ ತರೋ ಜಾತಿ ಅಲ್ಲಿವರೆಗೂ ಹೋಗುತ್ತೆ." ಮೂರು ಲಕ್ಷ ನೊಣಗಳಲ್ಲಿ ಅಂಥವು ಸಿಕ್ಕಿರುವುದು ಎಂಬತ್ತನಾಲ್ಕು. ಎಂಬತ್ತನಾಲ್ಕನ್ನೂ ಯಾವ ದಡ, ಎಷ್ಟನೆಯ ಬಲೆ ಎಂದು ಅವರು ಬಾಯಿಪಾಠ ಒಪ್ಪಿಸಬಲ್ಲರು.

ಹುಳ ಹುಡುಕುವುದು ಸರ್ಕಾರದ ಕೆಲಸವಾದರೆ, ಇನ್ನೊಂದನ್ನು ಅವರು ತಾವಾಗಿಯೇ ಮಾಡುತ್ತಾರೆ. ನೊಣದ ಹೊಟ್ಟೆಯಲ್ಲಿ ಇನ್ನೂ ಅರಗದ ರಕ್ತ ಕಂಡರೆ ಅದು ಯಾರದೆಂದು ನೋಡುತ್ತಾರೆ. ಉಡದ ರಕ್ತವಾದರೆ ಕಣಗಳು ಕೋಳಿಮೊಟ್ಟೆಯ ಆಕಾರದಲ್ಲಿದ್ದು ನಡುವೆ ಒಂದು ಚುಕ್ಕೆ ಇರುತ್ತದೆ. ಹಕ್ಕಿಯದೂ ಹಾಗೇ. ಹಾಲುಣಿಸುವ ಜೀವಿಯ ರಕ್ತವಾದರೆ ಕಣ ದುಂಡಗೆ, ಚುಕ್ಕೆ ಇಲ್ಲದೆ ಖಾಲಿಯಾಗಿರುತ್ತದೆ. ದನವೋ ಮನುಷ್ಯನೋ ಎಂದು ಮಾತ್ರ ಅದರಲ್ಲಿ ಗೊತ್ತಾಗುವುದಿಲ್ಲ.

ಈ ಹಟ ಎಲ್ಲಿಂದ ಬಂತೆಂದು ಕೇಳಿದರೆ ಅವರು ಸೂಜಿ ಒರೆಸುತ್ತ ತಾಯಿಯ ಕಥೆ ಹೇಳುತ್ತಾರೆ. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ, ಬುಸೋಗ ಸೀಮೆಯಲ್ಲಿ ನಿದ್ದೆರೋಗ ಮನೆಮನೆಗೆ ನುಗ್ಗಿದ ಕಾಲದಲ್ಲಿ, ತಾಯಿ ಬದಲಾದರು. ಮೊದಲು ಸಿಟ್ಟು ಬಂತು, ಆಮೇಲೆ ನಗು. ಹಗಲು ಕೂತಲ್ಲೇ ತೂಕಡಿಕೆ, ರಾತ್ರಿ ಬಾಗಿಲಲ್ಲಿ ನಿಂತು ಯಾರೊಂದಿಗೋ ಮಾತು. ದೆವ್ವ ಹಿಡಿದಿದೆ ಎಂದು ಮನೆಯವರು ನಡುಕಂಬಕ್ಕೆ ಕಟ್ಟಿಹಾಕಿದರು. ಕಾವಲಿಗೆ ಕೂತವಳು ಲೊವಿಸಾ. "ನೀನು ಯಾರ ಮಗಳೇ ಅಂತ ಕೇಳ್ತಿದ್ಳು ನನ್ನನ್ನ. ನಿನ್ನ ಮಗಳೇ ಕಣಮ್ಮಾ ಅಂದ್ರೆ, ಸುಳ್ಳು ಹೇಳ್ತೀಯಾ ಅಂತ ಉಗೀತಿದ್ಳು. ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ತಡ ಆಗಿತ್ತು." ಇಷ್ಟು ಹೇಳಿ ಮುಂದಿನ ನೊಣ ಎತ್ತಿಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಈ ಲೇಖನ ಹೋದ ವರ್ಷವೇ ಅಚ್ಚಾಗಬೇಕಿತ್ತು. ಅದಕ್ಕಾಗಿಯೇ ನಾನು ಒಂದು ಬೆಳಿಗ್ಗೆ ಅವರೊಂದಿಗೆ ಲುಮುಲಿಗೆ ಹೋಗಿದ್ದೆ. ಹಿಂತಿರುಗಿದ ಮೇಲೆ ತಿಂಗಳುಗಟ್ಟಲೆ ಒಂದು ಸಾಲೂ ಹೊಳೆಯಲಿಲ್ಲ. ಹದಿನೆಂಟು ವರ್ಷದಿಂದ ಈ ದಡದಲ್ಲಿರುವ, ದೆವ್ವ ಭೂತ ಎಂದರೆ ಗೇಲಿ ಮಾಡುವ ಮನುಷ್ಯ ನಾನು. ಆವತ್ತಿನಿಂದ ಗೇಲಿ ಸ್ವಲ್ಪ ಕಡಿಮೆಯಾಗಿದೆ.

ಲುಮುಲಿ ಇಲ್ಲಿಂದ ಹುಟ್ಟು ಹಾಕಿದರೆ ಒಂದು ತಾಸಿನ ದಾರಿ. ನೂರು ವರ್ಷದ ಹಿಂದೆ ನಿದ್ದೆರೋಗ ಬಂದಾಗ ಅಲ್ಲಿಯ ಜನರನ್ನೆಲ್ಲ ಎಬ್ಬಿಸಿ ದಡಕ್ಕೆ ತಂದರು. ಯಾರೂ ಮರಳಿ ಹೋಗಲಿಲ್ಲ. ಬೀಸುವ ಕಲ್ಲುಗಳು ಮಾತ್ರ ಇನ್ನೂ ದಡದುದ್ದಕ್ಕೂ ಇವೆ, ಸವೆದ ಗುಳಿಗಳಲ್ಲಿ ಮಳೆನೀರು ನಿಂತಿರುತ್ತದೆ. ಕಾಫಿ ಗಿಡಗಳು ಮರವಾಗಿವೆ. ದನವಿಲ್ಲ, ಹಂದಿಯಿಲ್ಲ, ಒಂದು ಇಲಿ ಕಂಡವರೂ ಇಲ್ಲ. ಉಡಗಳದೇ ರಾಜ್ಯ. ಬೆಸ್ತರು ಗಾಳಿಗೆ ಸಿಕ್ಕಿ ಸಾಯುವಂತಾದರೂ ಅಲ್ಲಿ ದೋಣಿ ಕಟ್ಟುವುದಿಲ್ಲ. ವಾರಕ್ಕೊಮ್ಮೆ ಹೋಗುವವರು ಲೊವಿಸಾ ಮತ್ತು ಮಗುಂಬ ಇಬ್ಬರೇ. ಇಳಿಯುವ ಮುಂಚೆ ಮಗುಂಬ ಮೂರು ಕಾಫಿ ಬೀಜಗಳನ್ನು ಕಾಣಿಕೆಯಾಗಿ ನೀರಿಗೆ ಹಾಕುತ್ತಾನೆ. "ನೊಣಕ್ಕೂ ಎರಡು ಹಾಕು ಕಣಯ್ಯಾ, ಅದೂ ಈ ಊರಿನದೇ" ಎಂದು ಲೊವಿಸಾ ಕೆಣಕುತ್ತಾರೆ.

ಅಲ್ಲಿ ನೊಣ ಹಿಡಿಯುವ ಹನ್ನೆರಡು ಬಲೆಗಳಿವೆ. ಗೂಟಕ್ಕೆ ಕಟ್ಟಿದ ನೀಲಿ ಮತ್ತು ಕಪ್ಪು ಬಟ್ಟೆ, ಮೇಲೆ ಬಿಳಿ ಬಲೆಯ ಗೋಪುರ, ತುದಿಯಲ್ಲಿ ಗೂಡು. ಈ ನೊಣಕ್ಕೆ ನೀಲಿ ಎಂದರೆ ಪ್ರಾಣ. ದೂರದಿಂದ ಹಾರಿಬಂದು ಬಟ್ಟೆಗೆ ಮುತ್ತಿ, ಬೆಳಕಿನ ಕಡೆ ಏರಿ, ಗೂಡಿನಲ್ಲಿ ಸಿಕ್ಕಿಬೀಳುತ್ತದೆ. ಮಂಜಿನಲ್ಲಿ ನೋಡಿದರೆ ತಲೆಯಿಲ್ಲದ ಹನ್ನೆರಡು ಮಂದಿ ನೀರು ನೋಡುತ್ತ ನಿಂತ ಹಾಗೆ ಕಾಣುತ್ತದೆ.

ಹೋದ ವರ್ಷ ಮಳೆ ನಿಂತ ಹೊಸತರಲ್ಲಿ, ಲುಮುಲಿಯ ಒಂದು ನೊಣದ ಹೊಟ್ಟೆಯಲ್ಲಿ ಲೊವಿಸಾರಿಗೆ ದುಂಡು ಕಣ ಕಂಡಿತು. ಚುಕ್ಕೆ ಇಲ್ಲದ್ದು. ಯಾರೋ ಬೆಸ್ತ ಇಳಿದಿರಬೇಕು ಎಂದುಕೊಂಡರು. ಮರುವಾರ ನಾಲ್ಕು ನೊಣಗಳಲ್ಲಿ ಕಂಡಿತು. ಅದೇ ವಾರ ಏಳನೆಯ ಬಲೆಯ ಬಟ್ಟೆ ಮಾಯವಾಗಿ ಬರೀ ಗೂಟ ಉಳಿದಿತ್ತು.

"ಗಾಳಿ ಮುಸಾವೊ" ಎಂದ ಮಗುಂಬ.

"ಗಾಳಿ ಗಂಟು ಬಿಚ್ಚುತ್ತೇನಯ್ಯಾ?" ಎಂದರು ಲೊವಿಸಾ. "ಇಲ್ಲಿ ಯಾರಾದ್ರೂ ಇದಾರಾ?"

"ಇಲ್ಲಿ ಯಾರೂ ಇಲ್ಲ."

ಹುಟ್ಟನ್ನೇ ನೋಡುತ್ತ ಹೇಳಿದನಂತೆ. ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಲೊವಿಸಾ ದಡದಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದರು. ಹೆಂಗಸರು ಮೀನು ತಿರುವುವುದರಲ್ಲಿ ಮುಳುಗಿಹೋದರು. ಹಲ್ಲಿಲ್ಲದ ಒಬ್ಬ ಅಜ್ಜಿ ಮಾತ್ರ, "ಲುಮುಲೀಲಾ? ಲೆಕ್ಕಕ್ಕೆ ಸಿಗೋರು ಯಾರೂ ಇಲ್ಲ ಕಣೇ ಮಗಳೇ" ಎಂದಳು. ಮೂವತ್ತು ವರ್ಷ ಇದೇ ದಡದಲ್ಲಿ ಬಾಳಿದವರ ಮುಂದೆ ಇಡೀ ಊರು ಬಾಯಿಗೆ ಬೀಗ ಹಾಕಿಕೊಂಡಿತ್ತು. ಆರನೆಯ ವಾರ ಎಂಟನೆಯ ಬಲೆಯ ಒಂಬತ್ತು ನೊಣಗಳಲ್ಲಿ ಆರರ ಹೊಟ್ಟೆಯಲ್ಲಿ ದುಂಡು ರಕ್ತವಿತ್ತು. ಮೂರರ ಕರುಳಲ್ಲಿ ಹುಳ ಹೊರಳಾಡುತ್ತಿತ್ತು. ಒಂದರ ಜೊಲ್ಲಿನ ಎಳೆಯಲ್ಲೂ ಇತ್ತು. ಅದೇ ಎಂಬತ್ತನಾಲ್ಕನೆಯದು.

"ಎದ್ದು ನಿಂತೆ." ಎನ್ನುತ್ತಾರೆ. "ಅಲ್ಲಿ ಒಬ್ಬರಿದಾರೆ, ಅವರಿಗೆ ರೋಗ ಬಂದಿದೆ, ಇದಿಷ್ಟು ನೊಣ ಹೇಳ್ತಾ ಇದೆ. ಮನುಷ್ಯರು ಮಾತ್ರ ಯಾರೂ ಇಲ್ಲ ಅಂತಾರೆ. ನಾನು ಯಾರನ್ನ ನಂಬಲಿ?"

ಮರುದಿನ ಬೆಳಿಗ್ಗೆಯೇ ಹೊರಟೆವು. ನಾನು ದೋಣಿಯ ಮೂತಿಯಲ್ಲಿದ್ದೆ. ಆವತ್ತು ಕಾಫಿ ಬೀಜ ಹಾಕುವಾಗ ಮಗುಂಬನ ಕೈ ತಪ್ಪಿ ಎಲ್ಲ ಬೀಜವೂ ನೀರಿಗೆ ಬಿದ್ದವು. ಮಂಜು ದಟ್ಟವಾಗಿತ್ತು. ಬಲೆಗಳು ಒಂದೊಂದಾಗಿ ಕಾಣಿಸಿಕೊಂಡವು. ಹೊತ್ತು ಹೋಗಲೆಂದು ನಾನು ಎಣಿಸುತ್ತ ಬಂದೆ. ಐದು, ಆರು, ಏಳು.

"ಏಳನೇದಕ್ಕೆ ನಾನಿನ್ನೂ ಬಟ್ಟೆ ಹಾಕಿಲ್ವಲ್ಲ" ಎಂದರು ಲೊವಿಸಾ, ಬಹಳ ಮೆಲ್ಲಗೆ.

ಅಲ್ಲಿ ನೀಲಿ ನಿಂತಿತ್ತು. ಉಳಿದವುಗಳಷ್ಟೇ ಎತ್ತರ, ಉಳಿದವುಗಳಂತೆಯೇ ನೀರಿನ ಕಡೆ ಮುಖ. ನಾವು ನೋಡುತ್ತಿದ್ದ ಹಾಗೆ ಅದು ತಿರುಗಿತು. ಆಮೇಲೆ ನಡೆಯಿತು. ಎರಡು ಹೆಜ್ಜೆ ನೀರಿನೊಳಗೆ ಬಂದು ನಿಂತಿತು. ನಾನು ಹೆದರಿದೆ. ಹೇಗೆ ಎಂದು ಬಣ್ಣಿಸಿ ಹೇಳಲಾರೆ, ದೋಣಿಯ ಅಂಚನ್ನು ಹಿಡಿದ ಬೆರಳುಗಳನ್ನು ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಹಿಂದಿನಿಂದ ಹುಟ್ಟಿನ ಸದ್ದು ನಿಂತಿತು. ಮಗುಂಬ ಒಂದು ಹೆಸರು ಕೂಗಿದ.

"ತಪೆನೆಸಿ!"

ಅದು ಅವನ ಹೆಂಡತಿಯ ಹೆಸರು. ಜಿಂಜಾ ಪೇಟೆಯ ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಎರಡು ತಿಂಗಳಿನಿಂದ ನಮಗೆಲ್ಲ ಹೇಳುತ್ತ ಬಂದಿದ್ದ.

ಲೊವಿಸಾ ಮೊಣಕಾಲುದ್ದ ನೀರಿಗೆ ಧುಮುಕಿದರು. ಹತ್ತಿರ ಹೋದಾಗ ನನಗೂ ಕಂಡಿತು. ಆಕೆ ಬಲೆಯ ನೀಲಿ ಬಟ್ಟೆಯನ್ನು ತಲೆಯವರೆಗೆ ಹೊದ್ದಿದ್ದಳು. ಬಟ್ಟೆಯ ಮೇಲೆ, ಕುತ್ತಿಗೆಯ ಮೇಲೆ, ಕಿವಿಯ ಹಿಂದೆ ನೊಣಗಳು ಸದ್ದಿಲ್ಲದೆ ಕೂತಿದ್ದವು. ಆಕೆ ಅವನ್ನು ಓಡಿಸುತ್ತಿರಲಿಲ್ಲ. ನಗುತ್ತಿದ್ದಳು. "ಮೊದಲು ನೀಲಿ ತೆಗಿ! ತೆಗಿಯೋ!" ಎಂದು ಲೊವಿಸಾ ಕಿರುಚಿ ಬಟ್ಟೆಯನ್ನು ಕಿತ್ತೆಸೆದು, ತಾವು ಹೊದ್ದಿದ್ದ ಮೇಲುಬಟ್ಟೆಯನ್ನು ಬಿಚ್ಚಿ ಆಕೆಗೆ ಸುತ್ತಿದರು. ಮೈ ಕೆಂಡದಂತೆ ಸುಡುತ್ತಿತ್ತಂತೆ, ಆಕೆ ಮಾತ್ರ ಚಳಿಗೆ ನಡುಗುತ್ತಿದ್ದಳು.

ಈ ದಡದ ಕೆಲವು ಮನೆಗಳಲ್ಲಿ ಒಂದು ನಡಾವಳಿ ಇದೆ. ಯಾರಾದರೂ ರಾತ್ರಿ ಎದ್ದು ಸರೋವರದ ಜೊತೆ ಮಾತನಾಡತೊಡಗಿದರೆ, ನೀರು ಅವರನ್ನು ಕರೆದಿದೆ ಎಂದರ್ಥ. ಲುಮುಲಿಯಲ್ಲಿ ಹುಲ್ಲಿನ ಗುಡಿಸಲು ಕಟ್ಟಿ ಮೂರು ಅಮಾವಾಸ್ಯೆ ಕಳೆಯುವವರೆಗೆ ಒಬ್ಬರನ್ನೇ ಬಿಡಬೇಕು. ಬೀಸುವ ಕಲ್ಲಿನ ಮೇಲೆ ಊಟ ಇಟ್ಟು ತಿರುಗಿ ನೋಡದೆ ಬರಬೇಕು. ಅವರ ಹೆಸರನ್ನು ಎತ್ತಬಾರದು. ಯಾರು ಕೇಳಿದರೂ ಅಲ್ಲಿ ಯಾರೂ ಇಲ್ಲ ಎನ್ನಬೇಕು. ಹೆಸರು ಹೇಳಿದರೆ ನೀರು ಅವರನ್ನು ಬಿಟ್ಟುಕೊಡುವುದಿಲ್ಲ. ಮಗುಂಬ ಹೇಳಿದ್ದು ಸುಳ್ಳಲ್ಲ, ಹೆಂಡತಿ ಮರಳಿ ಬರಲೆಂದು ಹಿಡಿದ ವ್ರತ.

ದೋಣಿಯಲ್ಲಿ ಲೊವಿಸಾ ಅವನನ್ನು ಬೈದ ಬೈಗುಳವನ್ನು ಈ ಪುಟದಲ್ಲಿ ಅಚ್ಚು ಹಾಕುವಂತಿಲ್ಲ. "ಹನ್ನೊಂದು ವರ್ಷದಿಂದ ನನಗೆ ಹುಟ್ಟು ಹಾಕ್ತಿದೀಯಲ್ಲೋ! ನೊಣ ಯಾಕೆ ಹಿಡೀತೀನಿ ಅಂತ ಒಂದಿನಾನೂ ಕೇಳಿಸ್ಕೊಳ್ಳಲಿಲ್ವೇನೋ!"

ಮಗುಂಬ ಅಳುತ್ತಲೇ ಹುಟ್ಟು ಹಾಕುತ್ತಿದ್ದ. "ನಿದ್ದೆರೋಗದವರು ಮಲಗೇ ಇರ್ತಾರೆ ಅಂದ್ಕೊಂಡಿದ್ದೆ ಮುಸಾವೊ. ಇವಳು ಇಡೀ ರಾತ್ರಿ ಕಣ್ಣು ಮುಚ್ತಿರಲಿಲ್ಲ. ಅವಳಮ್ಮ, ಅವಳಜ್ಜಿ, ಎಲ್ಲರೂ ನೀರೇ ಕರೀತಿರೋದು ಅಂದ್ರು. ನಾನು ಈಗ ಹೆಸರು ಹೇಳ್ಬಿಟ್ನಲ್ಲ. ಇನ್ನವಳು ಉಳೀತಾಳಾ?"

ತಪೆನೆಸಿ ಲೊವಿಸಾರ ತೊಡೆಯ ಮೇಲೆ ತಲೆಯಿಟ್ಟು ಮುಖವನ್ನೇ ನೋಡುತ್ತಿದ್ದಳು. "ನೀನು ಯಾರ ಮಗಳೇ?" ಎಂದು ಕೇಳಿದಳು. ಲೊವಿಸಾ ಅತ್ತದ್ದನ್ನು ನಾನು ನೋಡಿರುವುದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡಿದಾಗ ಹುಳ ಆಗಲೇ ಮಿದುಳಿನತ್ತ ಹೋಗಿತ್ತು. ಇನ್ನೆರಡು ವಾರ ಬಿಟ್ಟಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ವೈದ್ಯರು. ಮೂರನೆಯ ಅಮಾವಾಸ್ಯೆಗೆ ಇನ್ನೂ ಹದಿನೇಳು ದಿನವಿತ್ತು. ತಪೆನೆಸಿ ಉಳಿದಳು. ಈಗ ಕಸಾವ ಗೆಣಸು ಸುಲಿಯುತ್ತಾಳೆ, ನೆರೆಯವರೊಂದಿಗೆ ಜಗಳವಾಡುತ್ತಾಳೆ, ಬೇಗ ಸುಸ್ತಾಗುತ್ತಾಳೆ. ದ್ವೀಪದ ದಿನಗಳಲ್ಲಿ ಆಕೆಗೆ ನೆನಪಿರುವುದು ಒಂದೇ.

"ವಾರಕ್ಕೊಂದ್ಸಲ ಒಬ್ಬಳು ಹೆಂಗಸು ಬರ್ತಿದ್ಳು. ತಲೆಯಿಲ್ಲದ ನೀಲಿ ಜನರನ್ನ ದಡದ ಮೇಲೆ ನಿಲ್ಲಿಸಿ ಹೋಗ್ತಿದ್ಳು. ಅವಳನ್ನ ಕಂಡ್ರೆ ನಂಗೆ ಭಯ, ಪೊದೇಲಿ ಅಡಗ್ತಿದ್ದೆ. ಆ ನೀಲಿ ಜನದ ಜೊತೆ ಮಾತಾಡ್ತಿದ್ದೆ. ಒಬ್ಬರಾದ್ರೂ ಬಾಯಿ ಬಿಡ್ಬೇಕಲ್ಲ! ಸಿಟ್ಟು ಬಂತು, ಚಳೀನೂ ಇತ್ತು. ಒಬ್ಬಳ ಬಟ್ಟೆ ಕಿತ್ಕೊಂಡೆ."

ಇದನ್ನು ಕೇಳಿ ಮಗುಂಬ ನಗುತ್ತಾನೆ, ತಪೆನೆಸಿಯೂ ನಗುತ್ತಾಳೆ. ಲೊವಿಸಾ ನಗುವುದಿಲ್ಲ. "ನೊಣಾನೆಲ್ಲ ಅವಳ ಮೈಮೇಲೆ ಕರೆದಿದ್ದೂ ನನ್ನ ಬಟ್ಟೆ, ಅವಳನ್ನ ಹುಡುಕಿಕೊಟ್ಟಿದ್ದೂ ನನ್ನ ಬಟ್ಟೆ. ಇದನ್ನ ಹೇಗೆ ತೂಗ್ಬೇಕು ಅಂತ ನಂಗೆ ಇವತ್ತಿಗೂ ತಿಳಿದಿಲ್ಲ" ಎನ್ನುತ್ತಾರೆ. ಬಲೆಯ ಗಂಟುಗಳನ್ನು ಈಗ ಬಟ್ಟೆಗೇ ಸೇರಿಸಿ ಹೊಲಿಯುತ್ತಾರೆ, ಯಾರೂ ಬಿಚ್ಚಲಾಗದಂತೆ.

ಬಿಸಿಲು ಈಗ ಜಗಲಿಯ ಅರ್ಧಕ್ಕೆ ಬಂದಿದೆ. ಹದಿನಾರರಲ್ಲಿ ಹದಿನೈದು ನೊಣ ಮುಗಿದಿವೆ. ಎರಡರ ಹೊಟ್ಟೆಯಲ್ಲಿ ರಕ್ತವಿತ್ತು, ಎರಡೂ ಚುಕ್ಕೆಯವು. ಒಂದು ಹೆಣ್ಣು ನೊಣ ಸೂಜಿಯ ಕೆಳಗೇ ಮರಿ ಹಾಕಿತು. ಈ ನೊಣ ಮೊಟ್ಟೆ ಇಡುವುದಿಲ್ಲ, ಒಂದೊಂದೇ ಮರಿಯನ್ನು ಹೊಟ್ಟೆಯಲ್ಲಿಟ್ಟು ಸಾಕುತ್ತದೆ. ಬೆಳ್ಳಗಿನ ಮರಿ ಗಾಜಿನ ಮೇಲೆ ಹೊರಳಿತು, ತಾಯಿಯ ಹೊಟ್ಟೆ ಆಗಲೇ ಸೀಳಿತ್ತು. "ಮೂವತ್ತೊಂದು ವರ್ಷ ಆಯ್ತು, ಇದೊಂದನ್ನ ನೋಡೋಕೆ ಇನ್ನೂ ರೂಢಿಯಾಗಿಲ್ಲ" ಎಂದು ಲೊವಿಸಾ ಕಣ್ಣು ಬೇರೆ ಕಡೆ ತಿರುಗಿಸಿದರು.

ಇನ್ನು ಎಂಟು ತಿಂಗಳಿಗೆ ಅವರ ನಿವೃತ್ತಿ. ಈ ಜಾಗಕ್ಕೆ ಯಾರೂ ಬಂದಿಲ್ಲ, ಬರುವ ಸುದ್ದಿಯೂ ಇಲ್ಲ. ರೋಗವೇ ಇಲ್ಲದ ಮೇಲೆ ನೊಣ ಯಾಕೆ ನೋಡಬೇಕೆಂದು ಕಚೇರಿಯೊಂದರಿಂದ ಕಾಗದ ಬಂದಿದೆಯಂತೆ. ನನಗೆ ರೇಗುತ್ತದೆ. ಲೊವಿಸಾ ರೇಗುವುದಿಲ್ಲ. ಏನಾಗಬೇಕು ನಿಮಗೆ ಎಂದು ಕೇಳಿದರೆ ಹದಿನಾರನೆಯ ನೊಣದ ಮೇಲೆ ಬಗ್ಗಿಕೊಂಡೇ ಹೇಳುತ್ತಾರೆ.

"ಯಾರೂ ಇಲ್ಲ ಅಂತ ಹೇಳೋರು ಬೇಕಾದಷ್ಟು ಜನ ಇದಾರಪ್ಪ. ನಾನು ಹೋದ ಮೇಲೆ, ನೋಡಿ ಹೇಳೋರು ಒಬ್ಬರು ಬೇಕು. ಅಷ್ಟೇ."

ಆ ನೊಣದ ಹೊಟ್ಟೆಯಲ್ಲೂ ರಕ್ತವಿದೆ. ಲೊವಿಸಾ ಕನ್ನಡಿಯನ್ನು ಸ್ವಲ್ಪ ಓರೆ ಮಾಡುತ್ತಾರೆ. ಕೆಳಗೆ ಮಗುಂಬ ಎದ್ದು ನಿಂತಿದ್ದಾನೆ. ಅವನ ಹಿಂದೆ, ಮನೆಯ ಬಾಗಿಲಲ್ಲಿ, ತಪೆನೆಸಿ ಕೈಯಲ್ಲಿ ಕಸಾವ ಹಿಡಿದು ಇತ್ತಲೇ ನೋಡುತ್ತಿದ್ದಾಳೆ. ಒಂದು ನಿಮಿಷ ಕಳೆಯುತ್ತದೆ, ಎರಡು ಕಳೆಯುತ್ತದೆ. ಆಮೇಲೆ ಲೊವಿಸಾ ತಲೆ ಎತ್ತುತ್ತಾರೆ.

"ಚುಕ್ಕೆ ಇದೆ. ಹೋಗಯ್ಯಾ ಮಗುಂಬಾ. ಲುಮುಲೀಲಿ ಯಾರೂ ಇಲ್ಲ."

ಮಗುಂಬ ದೋಣಿಯನ್ನು ನೀರಿಗೆ ನೂಕುತ್ತಾನೆ.